ಅಪ್ಪ-ಅಮ್ಮ ಗಡಿಪಾರು, ಉಳಿದ ಮಗುವಿಗೆ ಯಾರು ದಿಕ್ಕು?

ಶಿರಸಿ: ಪರದೇಶದಿಂದ ದುಡಿಯಲು ಬಂದ ಗಂಡ-ಹೆಂಡಿರನ್ನು ಸರಕಾರ ಹಿಡಿದು ಗಡಿಯಾಚೆ ಕಳಿಸಿತು ಅನ್ನಿ. ಮಗು ಇಲ್ಲೇ ಉಳಿಯಿತು. ಬೆಳಿಗ್ಗೆ ಖಾಲಿ ಬಿಡಾರದ ಎದುರು ಕೂತ ಆ ಮಗುವನ್ನು ಕಂಡ ಅಂಗಡಿಕಾರ ಏನು ಮಾಡಬೇಕು? 'ನಮಗ್ಯಾಕೆ ಕೋರ್ಟು-ಕಚೇರಿ ಉಸಾಬರಿ' ಅಂತ ಒಳಗೆ ಹೋದರೆ ಮುಗಿಯಿತೆ?

ಮುಗಿಯೋದಿಲ್ಲ. 2015ರ ಬಾಲನ್ಯಾಯ ಕಾಯಿದೆ ಪ್ರಕಾರ, ದಿಕ್ಕಿಲ್ಲದ ಮಗು ಸಿಕ್ಕಿದವರು 24 ಗಂಟೆಯೊಳಗೆ ಪೋಲೀಸ್ ಠಾಣೆಗೋ, 1098ಕ್ಕೋ ತಿಳಿಸಲೇಬೇಕು. ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಎರಡೂ ಆದೀತು. ಪ್ರಯಾಣದ ಹೊತ್ತು ಈ ಗಂಟೆಗಳ ಲೆಕ್ಕಕ್ಕಿಲ್ಲ. ಮಳೆಗಾಲದ ಅರಬೈಲ್, ದೇವಿಮನೆ ಘಟ್ಟ ಕಂಡ ಯಲ್ಲಾಪುರ, ಸಿದ್ದಾಪುರದವರಿಗೆ ಅದರ ಬೆಲೆ ಗೊತ್ತು!

ಮುಂದಿನದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಕೆಲಸ. ಅಧ್ಯಕ್ಷರು, ನಾಲ್ವರು ಸದಸ್ಯರು. ಅವರಲ್ಲಿ ಒಬ್ಬರಾದರೂ ಹೆಂಗಸು. ಬಂಧುಗಳ ಮನೆಯೋ, ಬಾಲಮಂದಿರವೋ ಅಂತ ಅವರೇ ತೀರ್ಮಾನಿಸುತ್ತಾರೆ. ಪಾಸ್‌ಪೋರ್ಟ್ ತೋರಿಸಿದ ಮೇಲೆಯೇ ಅನ್ನ ಎಂದು ಕಾಯಿದೆ ಎಲ್ಲೂ ಹೇಳಿಲ್ಲ.

ಪೌರತ್ವದ ಮಾತು ಬೇರೆ, ಅದು ಕಠಿಣ. 2004ರ ಡಿಸೆಂಬರ್ 3ರಿಂದೀಚೆಗೆ ಹುಟ್ಟಿದವರಿಗೆ ತಂದೆ-ತಾಯಿಯಲ್ಲಿ ಒಬ್ಬರು ಅಕ್ರಮ ವಲಸಿಗರಾದರೂ ಹುಟ್ಟಿನಿಂದ ಪೌರತ್ವ ಸಿಗದು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ಬೆನ್ನಿಗೆ ಪಾಕಿಸ್ತಾನಿಗಳ ವೀಸಾ ರದ್ದಾದಾಗ ಅಟಾರಿ ಗಡಿಯಲ್ಲಿ ಕಂಡದ್ದು ಇದರದೇ ತಿರುಗುಮುರುಗು: ಮಕ್ಕಳ ಪಾಸ್‌ಪೋರ್ಟ್ ಪಾಕಿಸ್ತಾನದ್ದು, ತಾಯಿಯದು ಭಾರತದ್ದು. ಮೈಸೂರಿನ ಒಂದು ಕುಟುಂಬದ ಮಕ್ಕಳಂತೂ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ದೊಡ್ಡವರ ಜಗಳಕ್ಕೆ ಚಿಕ್ಕವರ ಸಾಕ್ಷಿ!

ಪರನಾಡ ಮಕ್ಕಳು ಈ ಜಿಲ್ಲೆಗೆ ಹೊಸಬರೇನಲ್ಲ. ಪಕ್ಕದ ಮುಂಡಗೋಡಿನಲ್ಲಿ ಟಿಬೆಟಿಯನ್ನರ ವಸತಿ ಎದ್ದದ್ದು 1966ರಲ್ಲಿ. ಅವರ ಮಕ್ಕಳಿಗೆ ಶಾಲೆ, ಆಸ್ಪತ್ರೆ ಎಲ್ಲ ಆಯಿತು. ಆದರೆ ಅವರನ್ನು ಸರಕಾರವೇ ಕರೆದು ಕೂರಿಸಿತ್ತು. ಅಡಿಕೆ ಕೊಯ್ಲಿಗೋ, ಗಾರೆ ಕೆಲಸಕ್ಕೋ ಗುತ್ತಿಗೆದಾರನ ಹಿಂದೆ ಬಂದವರನ್ನು ಕೇಳೋರ್‍ಯಾರು?

ಶಾಲೆಯಲ್ಲಿ ಆಧಾರ್ ಇಲ್ಲ, ಟಿ.ಸಿ. ಇಲ್ಲ ಅಂತ ಮಗುವನ್ನು ವಾಪಸು ಕಳಿಸಿದರೆ? ಹಾಗೆ ಮಾಡುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆ 6ರಿಂದ 14 ವರ್ಷದ 'ಪ್ರತಿ ಮಗು' ಎನ್ನುತ್ತದೆ, ನಾಗರಿಕ ಎನ್ನುವುದಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ.

ಇನ್ನು 'ಪಾಪ, ನಮ್ಮನೇಲೇ ಇರಲಿ' ಅನ್ನೋ ದೊಡ್ಡ ಮನಸ್ಸಿನವರು. ಎರಡು ದಿನ ಊಟ ಹಾಕಿ ಮೂರನೇ ದಿನ ದನದ ಕೊಟ್ಟಿಗೆಗೆ ಕಳಿಸೋರೂ ಇದ್ದಾರೆ. 14ರೊಳಗಿನ ಮಗುವನ್ನು ದುಡಿಮೆಗೆ ಇಟ್ಟುಕೊಂಡರೆ ಅದೂ ಅಪರಾಧವೇ. ಊಟ ಹಾಕಿ, ಸಂತೋಷ. ಕೈ ತೊಳೆಯೋ ಮೊದಲು 1098ಕ್ಕೆ ಫೋನ್ ಮಾಡಿ.