ಮಳೆನಾಡಿನ ಬಾಡಿಗೆ ಮನೆಗೆ ಬಟ್ಟೆ ಒಗೆಯುವ ಯಂತ್ರ

ಇಡವಪ್ಪಾದಿ ಮಳೆ ಹಿಡಿಯಿತೆಂದರೆ ನಮ್ಮ ವಾಚನಾಲಯದ ಮೇಜಿನ ಸುತ್ತ ಪತ್ರಿಕೆಯ ಸುದ್ದಿಗಿಂತ ಒದ್ದೆ ಬಟ್ಟೆಯ ಸುದ್ದಿಯೇ ಹೆಚ್ಚಾಗುತ್ತದೆ. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ಒಂದು ಸಾವಿರ ಮಿಲಿಮೀಟರ್. ಕೊಚ್ಚಿಯಲ್ಲಿ ಅದರ ಮೂರು ಪಟ್ಟು. ತಿರುವನಂತಪುರದವರಿಗೆ ಮಳೆ ಅಷ್ಟಿಲ್ಲದಿದ್ದರೂ ಜೂನ್ ತಿಂಗಳ ಮಳೆ ಮುಗಿದು ಉಸಿರಾಡುವಷ್ಟರಲ್ಲಿ ತುಲಾವರ್ಷ ಬಂದು ಬಾಗಿಲು ತಟ್ಟುತ್ತದೆ. ಮಂಗಳೂರು, ಉಡುಪಿ ಕಡೆಯಿಂದ ಬಂದವರಿಗೆ ಇದು ಹೊಸತಲ್ಲ. ಆದರೆ ಧಾರವಾಡದಿಂದಲೋ ಮೈಸೂರಿನಿಂದಲೋ ವರ್ಗವಾಗಿ ಬಂದ ಸಂಸಾರ, ಮನೆಯಲ್ಲಿ ಎಳೆಗೂಸು ಬೇರೆ ಇದ್ದರೆ, ಮೊದಲ ಮಳೆಗಾಲದಲ್ಲಿ ಕಂಗಾಲಾಗುವುದನ್ನು ನಾವು ಎಷ್ಟೋ ಸಲ ಕಂಡಿದ್ದೇವೆ. ಕೂಡಲೆ ಅಂಗಡಿಗೆ ಓಡುತ್ತಾರೆ. ಎರಡು ತಿಂಗಳ ಸಂಬಳದಷ್ಟು ಹಣ ಅಲ್ಲಿ ಇಟ್ಟು ಬರುವ ಮೊದಲು ತಿಳಿದಿರಬೇಕಾದ ಕೆಲವು ಮಾತುಗಳನ್ನು ಇಲ್ಲಿ ಹೇಳಬಯಸುತ್ತೇವೆ.

ಮೊದಲು ‘ಡ್ರೈಯರ್’ ಎಂಬ ಶಬ್ದದ ವಿಚಾರ. ನಮ್ಮ ಸದಸ್ಯರಲ್ಲಿ ಒಬ್ಬರು, ಗುಮಾಸ್ತೆ ಕೆಲಸದವರು, ಹೋದ ಮಳೆಗಾಲದಲ್ಲಿ ಒಂದು ಅಂಗಡಿಗೆ ಹೋಗಿ ಯಂತ್ರದಲ್ಲಿ ಡ್ರೈಯರ್ ಉಂಟೋ ಎಂದು ಕೇಳಿದರು. “ಡ್ರೈಯರ್ ಉಂಡ್ ಸಾರ್” ಎಂಬ ಉತ್ತರ ಬಂತು. (ತುಳು ಬಲ್ಲವರಿಗೆ ಈ ‘ಉಂಡ್’ ಶಬ್ದಕ್ಕೆ ಅರ್ಥ ಹೇಳಬೇಕಾಗಿಲ್ಲ.) ಮನೆಗೆ ತಂದು ಒಗೆದು ತೆಗೆದರೆ ಬಟ್ಟೆ ಒದ್ದೆಯಾಗಿಯೇ ಇತ್ತು. ಅಂಗಡಿಯವನು ಸುಳ್ಳು ಹೇಳಿದನೆನ್ನಲಾಗದು. ಎರಡು ತೊಟ್ಟಿಯ ಸೆಮಿ ಆಟೊಮ್ಯಾಟಿಕ್ ಯಂತ್ರದಲ್ಲಿ ಹಿಂಡುವ ತೊಟ್ಟಿಗೆ ಇಡೀ ಪೇಟೆ ಕರೆಯುವುದೇ ಡ್ರೈಯರ್ ಎಂದು. ಅದು ಬಟ್ಟೆಯನ್ನು ಗಿರ್ರನೆ ತಿರುಗಿಸಿ ನೀರನ್ನು ಹೊರಕ್ಕೆ ಎಸೆಯುತ್ತದೆಯೇ ಹೊರತು ಒಣಗಿಸುವುದಿಲ್ಲ. ಮೇಲಿನಿಂದ ಬಟ್ಟೆ ಹಾಕುವ ಯಂತ್ರಗಳ ಮೇಲೆ ‘ಏರ್ ಡ್ರೈ’, ‘ಟರ್ಬೊ ಡ್ರೈ’ ಎಂದು ಬರೆದಿರುವುದೂ ಇದೇ ಜಾತಿಯದು. ಒಳಗೆ ಸ್ವಲ್ಪ ಗಾಳಿ ಆಡುತ್ತದೆ, ಅಷ್ಟೆ. ಬಿಸಿಗಾಳಿಯಿಂದ ನಿಜವಾಗಿ ಒಣಗಿಸುವ ಡ್ರೈಯರ್ ಬೇರೆಯೇ ಪೆಟ್ಟಿಗೆ. ಇಲ್ಲವೆ ಒಗೆಯುವುದನ್ನೂ ಒಣಗಿಸುವುದನ್ನೂ ಒಂದರಲ್ಲೇ ಮಾಡುವ ‘ವಾಷರ್ ಡ್ರೈಯರ್’. ಆದುದರಿಂದ ಅಂಗಡಿಯಲ್ಲಿ “ಡ್ರೈಯರ್ ಉಂಟೋ” ಎಂದು ಕೇಳಬೇಡಿ. “ಬಿಸಿಗಾಳಿ ಬರುತ್ತದೆಯೋ, ಬಟ್ಟೆಯನ್ನು ನೇರವಾಗಿ ಬೀರುವಿನಲ್ಲಿ ಇಡಬಹುದೋ” ಎಂದು ಕೇಳಿ.

ಹಿಂಡುವುದಕ್ಕೂ ಒಣಗಿಸುವುದಕ್ಕೂ ಖರ್ಚಿನಲ್ಲಿ ಇರುವ ಅಂತರ ತಿಳಿದರೆ ಅರ್ಧ ನಿರ್ಧಾರ ಆದ ಹಾಗೆಯೇ. ಒಂದು ಲೀಟರ್ ನೀರನ್ನು ಆವಿ ಮಾಡಲು, ಎಂತಹ ಜಾಣ ಹೀಟರ್ ಇಟ್ಟರೂ, ಸುಮಾರು ಮೂರನೆಯ ಎರಡು ಪಾಲು ಯೂನಿಟ್ ವಿದ್ಯುತ್ತು ಬೇಕೇ ಬೇಕು. ಹೊರಗೆ ಹೋಗುವ ಬಿಸಿಯನ್ನೂ ಸೇರಿಸಿದರೆ ಲೀಟರಿಗೆ ಒಂದು ಯೂನಿಟ್ ಎಂದು ಹಿಡಿಯಬಹುದು. ಐದು ಕಿಲೋ ಹತ್ತಿ ಬಟ್ಟೆಯನ್ನು ನಿಮಿಷಕ್ಕೆ ೭೦೦ ಸುತ್ತಿನಲ್ಲಿ ಹಿಂಡಿದರೆ ಅದರಲ್ಲಿ ಮೂರೂವರೆ ಲೀಟರಿಗೂ ಮಿಕ್ಕಿ ನೀರು ಉಳಿಯುತ್ತದೆ. ೧೦೦೦ ಸುತ್ತಿನಲ್ಲಿ ಸುಮಾರು ಮೂರು ಲೀಟರ್. ೧೪೦೦ ಸುತ್ತಿನಲ್ಲಿ ಎರಡೂವರೆ. ಅಂದರೆ ಒಂದು ಸಲ ಒಣಗಿಸಲು ಮೂರರಿಂದ ನಾಲ್ಕು ಯೂನಿಟ್. ಅದೇ ಇನ್ನೊಂದೆರಡು ನಿಮಿಷ ಜೋರಾಗಿ ಹಿಂಡಲು ಯೂನಿಟ್ಟಿನ ಹತ್ತನೆಯ ಒಂದು ಪಾಲೂ ಬೇಡ. ಹೀಟರ್ ಕೈಯಲ್ಲಿ ತೆಗೆಸುವ ನೀರನ್ನು ಮೋಟಾರಿನ ಕೈಯಲ್ಲಿ ತೆಗೆಸಿದಷ್ಟೂ ಲಾಭ. ಹೀಟ್ ಪಂಪ್ ಎಂಬ ಹೊಸ ಬಗೆಯ ಡ್ರೈಯರುಗಳು ಒಮ್ಮೆ ಬಳಸಿದ ಬಿಸಿಯನ್ನೇ ಮತ್ತೆ ಬಳಸುವುದರಿಂದ ಅರ್ಧ ವಿದ್ಯುತ್ತಿನಲ್ಲಿ ಕೆಲಸ ಮುಗಿಸುತ್ತವೆ. ಆದರೆ ಅವುಗಳ ಬೆಲೆ ನಮ್ಮಂಥವರ ಕೈಗೆ ಎಟಕುವಂಥದಲ್ಲ.

ಈ ಮೂರು ನಾಲ್ಕು ಯೂನಿಟ್ ಏನು ಮಹಾ ಎಂದು ಕೆಲವರು ಕೇಳಬಹುದು. ಕರ್ನಾಟಕದಿಂದ ಬಂದವರಿಗೆ ಕೇರಳದ ವಿದ್ಯುತ್ ಬಿಲ್ಲಿನ ಒಂದು ಗುಟ್ಟು ತಿಳಿದಿರುವುದಿಲ್ಲ. ಇಲ್ಲಿ ಮನೆಗಳಿಗೆ ತಿಂಗಳಿಗೆ ೨೫೦ ಯೂನಿಟ್ಟಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ದರ: ಮೊದಲ ೫೦ಕ್ಕೆ ಕಡಮೆ, ಮುಂದಿನ ೫೦ಕ್ಕೆ ಸ್ವಲ್ಪ ಹೆಚ್ಚು, ಹೀಗೆ. ೨೫೦ ದಾಟಿತೋ, ಮೆಟ್ಟಿಲುಗಳೆಲ್ಲ ಮಾಯವಾಗಿ ಮೊದಲನೆಯ ಯೂನಿಟ್ಟಿನಿಂದಲೇ ಎಲ್ಲಕ್ಕೂ ಒಂದೇ ದರ ಬೀಳುತ್ತದೆ. ಬಿಲ್ಲು ಬರುವುದು ಎರಡು ತಿಂಗಳಿಗೊಮ್ಮೆಯಾದುದರಿಂದ ಬಿಲ್ಲಿನ ಮೇಲೆ ಈ ಗಡಿ ೫೦೦ ಯೂನಿಟ್ ಎಂದು ತಿಳಿಯಿರಿ. ಗಡಿಯ ಮೇಲೆ ನಿಂತ ಮನೆಗೆ ಒಂದೇ ಒಂದು ಯೂನಿಟ್ ಹೆಚ್ಚಾದರೂ ಬಿಲ್ಲು ನೂರಾರು ರೂಪಾಯಿ ಏರುತ್ತದೆ. ಫ್ರಿಜ್ಜು, ಮಿಕ್ಸಿ, ನೀರಿನ ಪಂಪು, ನಾಲ್ಕು ಫ್ಯಾನು, ಬೇಸಿಗೆಯಲ್ಲಿ ಒಂದು ಎ.ಸಿ. ಇರುವ ಮನೆ ತಿಂಗಳಿಗೆ ೨೧೦ ಯೂನಿಟ್ ಬಳಸುತ್ತಿದೆ ಎನ್ನೋಣ. ದಿನ ಬಿಟ್ಟು ದಿನ ಡ್ರೈಯರ್ ಓಡಿಸಿದರೆ ಸುಮಾರು ೫೦ ಯೂನಿಟ್ ಕೂಡಿ ೨೬೦ ಆಯಿತು. ಆ ಮನೆಯವರು ಕೊಡುವುದು ೫೦ ಯೂನಿಟ್ಟಿನ ದುಡ್ಡನ್ನಲ್ಲ. ೨೬೦ಕ್ಕೂ ಹೊಸ ದರದ ದುಡ್ಡನ್ನು. ಡ್ರೈಯರ್ ಕೊಳ್ಳುವ ಮೊದಲು ಹಿಂದಿನ ಮೂರು ಬಿಲ್ಲು ತೆಗೆದು ಎದುರಿಗೆ ಇಟ್ಟುಕೊಳ್ಳಿ.

ಹಾಗಾದರೆ ಮಳೆಗಾಲದಲ್ಲಿ ಬಟ್ಟೆ ಒಣಗಿಸುವುದು ಹೇಗೆ? ಚೆನ್ನಾಗಿ ಹಿಂಡಿದ ಬಟ್ಟೆಯನ್ನು ಮಡಚುವ ಸ್ಟ್ಯಾಂಡಿನ ಮೇಲೆ ಒಂದಕ್ಕೊಂದು ತಾಗದಂತೆ ಹರಡಿ, ಮೇಲೆ ಫ್ಯಾನು ಹಾಕಿ, ಕಿಟಕಿಯ ಮೇಲಿನ ಪಟ್ಟಿಯಷ್ಟು ತೆರೆದಿಟ್ಟು ಮಲಗಿರಿ. ೭೫ ವಾಟಿನ ಹಳೆಯ ಫ್ಯಾನು ಎಂಟು ಗಂಟೆ ತಿರುಗಿದರೂ ಮುಕ್ಕಾಲು ಯೂನಿಟ್ ಆಗುವುದಿಲ್ಲ. ಬೆಳಗ್ಗೆ ಜೀನ್ಸಿನ ಸೊಂಟದ ಪಟ್ಟಿ, ಟರ್ಕಿ ಟವೆಲು ಬಿಟ್ಟು ಉಳಿದದ್ದು ಒಣಗಿರುತ್ತದೆ. ಮುಗ್ಗಲು ವಾಸನೆ ಬರುವುದು ಬಟ್ಟೆ ಬಹಳ ಹೊತ್ತು ಒದ್ದೆಯಾಗಿ ಇರುವುದರಿಂದ. ಮೊರಾಕ್ಸೆಲ್ಲಾ ಎಂಬ ಸೂಕ್ಷ್ಮಾಣು ಇದಕ್ಕೆ ಮುಖ್ಯ ಕಾರಣವೆಂದು ಜಪಾನಿನ ಸಂಶೋಧಕರು ೨೦೧೨ರಲ್ಲಿ ತೋರಿಸಿಕೊಟ್ಟರು. ಬಟ್ಟೆ ಬೇಗ ಒಣಗಿದರೆ ಅದಕ್ಕೆ ಬೆಳೆಯಲು ಎಡೆ ಸಿಗದು. ಒಮ್ಮೆ ವಾಸನೆ ಹಿಡಿದ ಬಟ್ಟೆಗೆ ಅತ್ತರಿನ ಪರಿಮಳದ ದ್ರವ ಸುರಿದು ಪ್ರಯೋಜನವಿಲ್ಲ, ಬಿಸಿನೀರಿನಲ್ಲಿ ಒಗೆಯಬೇಕು.

ಇನ್ನು ಯಾವ ಯಂತ್ರ? ಬೆಲೆ ಕಂಪೆನಿಯಿಂದ ಕಂಪೆನಿಗೆ ಬೇರೆಯಾದರೂ ಅಂದಾಜಿಗೆ ಹೇಳುವುದಾದರೆ ಸೆಮಿ ಆಟೊಮ್ಯಾಟಿಕ್ ಎಂಟರಿಂದ ಹನ್ನೆರಡು ಸಾವಿರ, ಮೇಲಿನಿಂದ ಹಾಕುವ ಟಾಪ್ ಲೋಡ್ ಹದಿನಾಲ್ಕರಿಂದ ಇಪ್ಪತ್ತು ಸಾವಿರ, ಎದುರಿನಿಂದ ಹಾಕುವ ಫ್ರಂಟ್ ಲೋಡ್ ಇಪ್ಪತ್ತೆರಡು ಸಾವಿರದಿಂದ ಮೇಲಕ್ಕೆ. ಓಣದ ಹೊತ್ತಿಗೆ ಎಲ್ಲ ಅಂಗಡಿಗಳೂ ರಿಯಾಯಿತಿ ಕೊಡುತ್ತವೆ. ಜೂನಿನ ಮಳೆಯನ್ನು ಹಗ್ಗದ ಮೇಲೆಯೇ ಕಳೆದು ಅಲ್ಲಿಯ ತನಕ ಕಾಯಬಲ್ಲವರು ಕಾಯುವುದು ಒಳ್ಳೆಯದು.

ಟಾಪ್ ಲೋಡ್ ಯಂತ್ರ ಒಂದು ಸಲಕ್ಕೆ ನೂರು ಲೀಟರಿಗೂ ಮೀರಿ ನೀರು ಕುಡಿಯುತ್ತದೆ. ಫ್ರಂಟ್ ಲೋಡಿಗೆ ಅದರ ಅರ್ಧದಷ್ಟು ಸಾಕು. ಕಡಮೆ ನೀರಿನಲ್ಲಿ ಬಟ್ಟೆಯನ್ನು ಎತ್ತಿ ಎತ್ತಿ ಬೀಳಿಸುವುದರಿಂದ ಬಟ್ಟೆ ಸವೆಯುವುದೂ ಕಡಮೆ. ಹೊರದೇಶಗಳಲ್ಲಿ ‘ಹೈ ಎಫಿಶಿಯನ್ಸಿ’ ಎಂದು ಹೊಗಳುವುದು ಮುಖ್ಯವಾಗಿ ಈ ಗುಣವನ್ನೇ. ನಮ್ಮಲ್ಲಿ ೨೦೦೨ರಲ್ಲಿ ಸ್ಥಾಪನೆಯಾದ ಇಂಧನ ದಕ್ಷತಾ ಬ್ಯೂರೋದ ನಕ್ಷತ್ರದ ಚೀಟಿ ಇದೆ. ನಕ್ಷತ್ರ ಎಣಿಸಿದರೆ ಸಾಲದು, ಒಂದು ಕಿಲೋ ಬಟ್ಟೆಗೆ ಎಷ್ಟು ವಿದ್ಯುತ್ತು ಎಂಬ ಅಂಕಿಯನ್ನೂ ಓದಿ. ಫ್ರಂಟ್ ಲೋಡಿಗೆ ನೀರು ಕಾಯಿಸುವ ಹೀಟರ್ ಇರುವುದರಿಂದ ಅದನ್ನು ಬಳಸುವ ಕ್ರಮದಲ್ಲಿ ಉಳಿತಾಯವೆಲ್ಲ ಕರಗಿಹೋಗಬಹುದು. ಹದಿನೈದು ಲೀಟರ್ ನೀರನ್ನು ಇಲ್ಲಿನ ೨೭ ಡಿಗ್ರಿಯಿಂದ ೪೦ಕ್ಕೆ ಏರಿಸಲು ಕಾಲು ಯೂನಿಟ್. ೬೦ಕ್ಕೆ ಏರಿಸಲು ಅರ್ಧಕ್ಕಿಂತ ಹೆಚ್ಚು. ಮಗುವಿನ ಬಟ್ಟೆ, ಕಾಯಿಲೆಯವರ ಹಾಸಿಗೆ ಬಟ್ಟೆ, ವಾಸನೆ ಹಿಡಿದ ಟವೆಲುಗಳಿಗೆ ೬೦. ಕಚೇರಿಯ ಅಂಗಿಗಳಿಗೆ ತಣ್ಣೀರೇ ಸಾಕು.

ಸೆಮಿ ಆಟೊಮ್ಯಾಟಿಕನ್ನು ಬಡವರ ಯಂತ್ರವೆಂದು ಮೂಗು ಮುರಿಯುವವರಿದ್ದಾರೆ. ನಾವು ಆ ಪಂಗಡದವರಲ್ಲ. ಅದರ ಹಿಂಡುವ ತೊಟ್ಟಿ ಕಿರಿದಾದರೂ ನಿಮಿಷಕ್ಕೆ ೧೩೦೦ ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಲೆಕ್ಕ ಹಾಕಿ ನೋಡಿದರೆ, ಅಗಲವಾದ ಡ್ರಮ್ಮಿನ ಫ್ರಂಟ್ ಲೋಡ್ ೧೦೦೦ ಸುತ್ತಿನಲ್ಲಿ ಎಷ್ಟು ಜೋರಾಗಿ ಹಿಂಡುವುದೋ ಸುಮಾರು ಅಷ್ಟೇ ಜೋರು ಇದಕ್ಕೂ ಇದೆ. ಮಧ್ಯದ ಬೆಲೆಯ ಟಾಪ್ ಲೋಡ್ ೭೦೦ ಸುತ್ತಿನಲ್ಲಿ ಇದರ ಹತ್ತಿರವೂ ಬರಲಾರದು. ಮಳೆಗಾಲದ ಊರಿನಲ್ಲಿ ಇದು ಸಣ್ಣ ಮಾತಲ್ಲ. ಒಂದೇ ಸೋಪಿನ ನೀರಿನಲ್ಲಿ ಮೊದಲು ಬಿಳಿ, ಆಮೇಲೆ ಬಣ್ಣದ ಬಟ್ಟೆ, ಕೊನೆಗೆ ಕಾಲೊರಸು ಎಂದು ಮೂರು ಸರದಿ ತೆಗೆಯಬಹುದು. ಪ್ಲಾಸ್ಟಿಕ್ ಮೈ ಆದುದರಿಂದ ಫೋರ್ಟ್ ಕೊಚ್ಚಿ, ಶಂಖುಮುಖದ ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯದು. ಇಬ್ಬರು ಎತ್ತಿ ಆಟೋದಲ್ಲಿ ಇಡಬಹುದು. ತೊಂದರೆ ಒಂದೇ, ಆದರೆ ದೊಡ್ಡದು: ಅದರ ಬಳಿ ಆಳು ನಿಂತಿರಬೇಕು, ಒದ್ದೆ ಬಟ್ಟೆಯನ್ನು ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಎತ್ತಿ ಹಾಕಬೇಕು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಆ ಆಳು ಯಾರು ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಬಾಣಂತಿಗೂ ಬೆನ್ನುನೋವಿನವರಿಗೂ ಅದು ಬೇಡ. ಅಂಥ ಮನೆಯಲ್ಲಿ ಕಂತಿನ ಮೇಲಾದರೂ ಫ್ರಂಟ್ ಲೋಡ್ ತರುವುದನ್ನು ದುಂದುಗಾರಿಕೆ ಎನ್ನಲಾರೆವು.

ಅಳತೆಯ ವಿಚಾರ ಬೇಗ ಮುಗಿಸೋಣ. ಯಂತ್ರದ ಮೇಲಿನ ಕಿಲೋ ಒಣಬಟ್ಟೆಯ ತೂಕ. ಅಂಗಿ ಸುಮಾರು ೨೦೦ ಗ್ರಾಂ, ಜೀನ್ಸು ೬೦೦, ಹತ್ತಿ ಸೀರೆ ಅರ್ಧ ಕಿಲೋ, ದೊಡ್ಡ ಹಾಸು ಮುಕ್ಕಾಲು ಕಿಲೋ. ನಾಲ್ಕು ಜನಕ್ಕೆ ಏಳು ಕಿಲೋ ಸಾಕು. ಅಜ್ಜ ಅಜ್ಜಿ ಜೊತೆಗಿದ್ದರೆ, ಇನ್ನೊಂದು ಮಗು ಬರುವುದಿದ್ದರೆ ಎಂಟು. ವಾಷರ್ ಡ್ರೈಯರಿನಲ್ಲಿ ಎಂಟು ಕಿಲೋ ಒಗೆದರೂ ಒಮ್ಮೆಗೆ ಒಣಗಿಸುವುದು ಐದು ಕಿಲೋ ಮಾತ್ರ, ಅದೂ ನಾಲ್ಕೈದು ಗಂಟೆಯಲ್ಲಿ. ಇದನ್ನು ಜಾಹೀರಾತಿನಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ.

ನೀರು ನೋಡದೆ ಯಂತ್ರ ಕೊಂಡು ಕೆಟ್ಟವರು ನಮ್ಮಲ್ಲಿ ಹಲವರು. ಕೊಚ್ಚಿಗೆ ಆಲುವಾದಿಂದ ಪೆರಿಯಾರಿನ ನೀರು, ತಿರುವನಂತಪುರಕ್ಕೆ ಅರುವಿಕ್ಕರದಿಂದ ಕರಮನ ನದಿಯ ನೀರು ಬರುತ್ತದೆ. ಎರಡೂ ಮೃದುವಾದ ಒಳ್ಳೆಯ ನೀರು. ಆದರೆ ಪಶ್ಚಿಮ ಕೊಚ್ಚಿಯ ಕೊನೆಯ ಬೀದಿಗಳಿಗೆ ನಲ್ಲಿಯಲ್ಲಿ ಒತ್ತಡವಿರುವುದಿಲ್ಲ. ಎರಡನೆಯ ಮಹಡಿಯಲ್ಲಿ ಟ್ಯಾಂಕಿನ ಕೆಳಗೇ ಬಾಡಿಗೆಗೆ ಇರುವವರಿಗೂ ಇದೇ ಪಾಡು. ಹಲವು ಫ್ರಂಟ್ ಲೋಡುಗಳು ಮೂರರಿಂದ ಐದು ಮೀಟರ್ ಎತ್ತರದಿಂದ ಬೀಳುವ ನೀರಿನ ಒತ್ತಡ ಕೇಳುತ್ತವೆ. ಟ್ಯಾಂಕು ತಲೆಯ ಮೇಲೆ ಒಂದೇ ಮೀಟರಿನಲ್ಲಿದ್ದರೆ ಯಂತ್ರ ನೀರಿಗಾಗಿ ಕಾದು ಕಾದು ನಿಂತುಬಿಡುತ್ತದೆ. ಅಲ್ಲಿ ಬಕೆಟಿನಿಂದ ಸುರಿಯಬಹುದಾದ ಸೆಮಿ ಆಟೊಮ್ಯಾಟಿಕೇ ಗತಿ. ಜಂಬಿಟ್ಟಿಗೆಯ ನೆಲದ ಬಾವಿನೀರಿನಲ್ಲಿ ಕಬ್ಬಿಣದ ಅಂಶ ಇರುತ್ತದೆ. ಬಿಳಿ ಮುಂಡು ಹಳದಿಯಾಯಿತೆಂದು ಬ್ಲೀಚು ಹಾಕಿದರೆ ಕಲೆ ಇನ್ನೂ ಗಟ್ಟಿಯಾಗುತ್ತದೆ. ಬದಲಿಗೆ ಹಿಂದಿನ ರಾತ್ರಿ ನೀರು ತುಂಬಿಟ್ಟು ತಳ ಕಲಕದೆ ಬಳಸಿ. ಉಜಾಲಾ ನೀಲಿ ಕೇರಳದಲ್ಲೇ ೧೯೮೩ರಲ್ಲಿ ಹುಟ್ಟಿ ದೇಶವೆಲ್ಲ ಹರಡಿತು. ಇಲ್ಲಿಯವರಿಗೆ ಬಿಳಿ ಮುಂಡಿನ ಮೇಲೆ ಎಷ್ಟು ಮಮತೆ ಎಂಬುದನ್ನು ಅದರಿಂದಲೇ ತಿಳಿಯಬಹುದು.

ಯಾವ ಯಂತ್ರವೂ ಬೇಡವೆನ್ನುವವರಿಗೆ ಫೋರ್ಟ್ ಕೊಚ್ಚಿಯ ವೇಲಿಯಲ್ಲಿ ಧೋಬಿಖಾನೆ ಇದೆ. ಡಚ್ಚರು ಸಿಪಾಯಿಗಳ ಬಟ್ಟೆ ಒಗೆಯಲು ತಮಿಳುನಾಡಿನ ಕಡೆಯಿಂದ ತಮ್ಮ ಹಿರಿಯರನ್ನು ಕರೆತಂದರು ಎಂದು ಅಲ್ಲಿನ ವಣ್ಣಾರ್ ಕುಲದವರು ಹೇಳುತ್ತಾರೆ. ಹೊಸೆದ ಹಗ್ಗದ ಎಳೆಗಳ ನಡುವೆ ಬಟ್ಟೆಯ ಅಂಚು ಸಿಕ್ಕಿಸಿ, ಕ್ಲಿಪ್ಪಿಲ್ಲದೆ, ಗಾಳಿಗೆ ಹಾರದಂತೆ ಒಣಹಾಕುತ್ತಾರೆ. ಈ ಉಪಾಯವನ್ನು ನಮ್ಮ ಬಾಲ್ಕನಿಯಲ್ಲೂ ಮಾಡಿ ನೋಡಿದೆವು, ಚೆನ್ನಾಗಿಯೇ ನಡೆಯುತ್ತದೆ. ಹಾಸು, ಪರದೆ, ರಜಾಯಿಯಂಥ ಭಾರವಾದುವನ್ನು ಅಲ್ಲಿಗೆ ಕೊಟ್ಟು, ದಿನದ ಬಟ್ಟೆಗೆ ಮಾತ್ರ ಸಣ್ಣ ಯಂತ್ರ ಇಟ್ಟುಕೊಂಡ ಸಂಸಾರಗಳೂ ಉಂಟು.

ಯಂತ್ರ ಮನೆಗೆ ಬರುವ ಮೊದಲು ಮನೆಯ ಯಜಮಾನರನ್ನು ಎರಡು ಮಾತು ಕೇಳಿ: ಹೀಟರ್ ಇರುವ ಯಂತ್ರಕ್ಕೆ ೧೬ ಆಂಪಿಯರಿನ ಪ್ಲಗ್ಗು ಉಂಟೋ, ಅರ್ಥಿಂಗ್ ಸರಿಯಾಗಿದೆಯೋ ಎಂದು. ಮೀಟರಿನ ಬಳಿಯ ಇ.ಎಲ್.ಸಿ.ಬಿ.ಯ ಪರೀಕ್ಷೆಯ ಗುಂಡಿ ಒತ್ತಿದರೆ ಟಕ್ಕೆಂದು ಕರೆಂಟು ಹೋಗಬೇಕು. ಹೋಗದಿದ್ದರೆ ಒದ್ದೆ ಕೈಯಲ್ಲಿ ಯಂತ್ರ ಮುಟ್ಟಬೇಡಿ, ಮೊದಲು ಅದನ್ನು ಬದಲಾಯಿಸಿ. ಸಂಜೆಯಿಂದ ರಾತ್ರಿಯ ತನಕ ಊರೆಲ್ಲ ದೀಪ ಹಾಕುವ ಹೊತ್ತಿನಲ್ಲಿ ವಾಷಿಂಗ್ ಮೆಷಿನ್ ಓಡಿಸಬೇಡಿರೆಂದು ವಿದ್ಯುತ್ ಮಂಡಳಿ ೨೦೨೪ರ ಬೇಸಿಗೆಯಲ್ಲಿ ಜನರನ್ನು ಕೇಳಿಕೊಂಡಿತ್ತು. ಬೆಳಗ್ಗೆ ಒಗೆದರೆ ಹಗಲಿನ ಗಾಳಿಯೂ ಬಟ್ಟೆಗೆ ಸಿಗುತ್ತದೆ. ಫ್ರಂಟ್ ಲೋಡ್ ತಂದವರು ಹಿಂಬದಿಯಲ್ಲಿ ಡ್ರಮ್ಮನ್ನು ಬಿಗಿದಿರುವ ಉದ್ದನೆಯ ಬೋಲ್ಟುಗಳನ್ನು ಬಿಚ್ಚದೆ ಓಡಿಸಬಾರದು. ಬಿಚ್ಚಿದ ಮೇಲೆ ಅವುಗಳನ್ನು ಎಸೆಯಲೂ ಬಾರದು. ಅರುವತ್ತು ಎಪ್ಪತ್ತು ಕಿಲೋ ತೂಕದ ಆ ಪೆಟ್ಟಿಗೆಯನ್ನು ಮುಂದಿನ ವರ್ಗಾವಣೆಯಲ್ಲಿ ಲಾರಿಗೆ ಹಾಕುವಾಗ ಅವೇ ಬೋಲ್ಟುಗಳನ್ನು ಮತ್ತೆ ಬಿಗಿಯಬೇಕಾಗುತ್ತದೆ. ಯಂತ್ರದ ರಸೀದಿಯ ಜೊತೆಗೆ ಒಂದು ಡಬ್ಬದಲ್ಲಿ ಹಾಕಿ ಇಡಿ.