ತೋರುಬೆರಳ ತುದಿಯ ಊರು

‘ನಮ್ಮೂರು’ ಪ್ರಬಂಧ ಬರೆಯದೆ ಶಾಲೆ ದಾಟಿದವರು ನಮ್ಮಲ್ಲಿ ಯಾರಿದ್ದಾರೆ? ಊರ ಮುಂದೊಂದು ಕೆರೆ, ಏರಿಯ ಮೇಲೆ ಆಲದ ಮರ, ಪಕ್ಕದಲ್ಲಿ ಗುಡಿ. ಅಲಾಸ್ಕಾದ ಪಾಯಿಂಟ್ ಹೋಪ್‌ನ ಹುಡುಗಿಯೊಬ್ಬಳು ಅದೇ ಪ್ರಬಂಧಕ್ಕೆ ಕೂತರೆ ಮರದ ಸಾಲನ್ನು ಬಿಟ್ಟೇ ಬರೆಯಬೇಕು. ಅಲ್ಲಿ ಮರವೇ ಇಲ್ಲ. ಬೇರೆ ಊರಿಗೆ ಹೋಗುವ ರಸ್ತೆಯೂ ಇಲ್ಲ. ನೆಂಟರು ಬರುವುದು ಪುಟ್ಟ ವಿಮಾನದಲ್ಲಿ.

ಅಲ್ಲಿನ ಮೂಲನಿವಾಸಿಗಳಾದ ಇನ್ಯೂಪಿಯಾಟ್ ಜನರ ಬಾಯಲ್ಲಿ ಈ ಊರು ಟಿಕಿಗಾಕ್, ಅಂದರೆ ತೋರುಬೆರಳು. ಚುಕ್ಚಿ ಸಮುದ್ರದೊಳಕ್ಕೆ ಚಾಚಿಕೊಂಡ ನೊರಜುಗಲ್ಲಿನ ದಂಡೆ ಹಾಗೇ ಕಾಣುತ್ತದೆ. ಸುಮಾರು 800 ಜನ. ಡಿಸೆಂಬರ್‌ನಲ್ಲಿ ಮುಳುಗಿದ ಸೂರ್ಯ ಮತ್ತೆ ಮುಖ ತೋರುವುದು ಜನವರಿಯಲ್ಲಿ. ನಡುಹಗಲಿಗೆ ದಿಗಂತದಂಚಿನಲ್ಲಿ ತುಸು ನೀಲಿ ಬೆಳಕು, ಅಷ್ಟೆ. ಮಕ್ಕಳು ಶಾಲೆಗೆ ಹೋಗುವಾಗಲೂ ಬೀದಿದೀಪ, ಬರುವಾಗಲೂ ಬೀದಿದೀಪ. ಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡದ ಹೆಸರು ‘ಹಾರ್ಪೂನರ್ಸ್’, ತಿಮಿಂಗಿಲಕ್ಕೆ ಈಟಿ ಎಸೆಯುವವರು. ಪಕ್ಕದೂರಿನ ಪಂದ್ಯಕ್ಕೂ ಅವರು ವಿಮಾನ ಹತ್ತಬೇಕು.

ಆ ಹೆಸರು ಬರೀ ಅಲಂಕಾರವಲ್ಲ. ಏಪ್ರಿಲ್‌ನಲ್ಲಿ ಹಿಮಗಡ್ಡೆ ಬಿರಿದು ನೀರಿನ ಸಂದು ತೆರೆದಾಗ ತಿಮಿಂಗಿಲಗಳು ಉತ್ತರಕ್ಕೆ ಹೊರಡುತ್ತವೆ. ಹೆಂಗಸರು ಸೀಲ್ ಚರ್ಮ ಹೊಲಿದು ಹೊದಿಸಿದ ದೋಣಿಗಳು ಹಿಮದಂಚಿಗೆ ಬರುತ್ತವೆ. ಶಾಲೆಯಲ್ಲಿ ದೊಡ್ಡ ಹುಡುಗರ ಬೆಂಚು ಖಾಲಿ. ಒಂದು ತಿಮಿಂಗಿಲ ಸಿಕ್ಕಿದರೆ ಪಾಲು ಊರಿಗೆಲ್ಲ. ಜೂನ್‌ನ ಹಬ್ಬದಲ್ಲಿ ಅದೇ ಬಗೆಯ ಚರ್ಮವನ್ನು ಹತ್ತಾರು ಜನ ಸುತ್ತ ಹಿಡಿದು, ನಡುವೆ ನಿಂತವರನ್ನು ಆಕಾಶಕ್ಕೆ ಚಿಮ್ಮಿಸುತ್ತಾರೆ. ಸತ್ತವರನ್ನೂ ತಿಮಿಂಗಿಲ ಬಿಡುವುದಿಲ್ಲ: ಸ್ಮಶಾನದ ಬೇಲಿ ಅದರ ಎಲುಬಿನದೇ.

ಮಾಂಸ ಇಡುವುದು ಹೆಪ್ಪುಗಟ್ಟಿದ ನೆಲದಲ್ಲಿ ತೋಡಿದ ಹಗೇವಿನಲ್ಲಿ. ಅಜ್ಜಂದಿರ ಕಾಲದಿಂದ ಕಲ್ಲಿನಂತಿದ್ದ ಆ ನೆಲ ಈಗ ಕರಗುತ್ತಿದೆ, ಹಗೇವಿನೊಳಗೆ ನೀರು ಜಿನುಗುತ್ತಿದೆ. ಬೆರಳ ತುದಿಯನ್ನು ಕಡಲು ಕೊರೆಯುತ್ತಲೇ ಬಂದದ್ದರಿಂದ 1970ರ ದಶಕದಲ್ಲೇ ಊರು ಒಳಕ್ಕೆ ಸರಿದಿತ್ತು. ಹಳೆಯ ಊರಿನ ಹುಲ್ಲುಹೆಂಟೆಯ ಮನೆಗಳಲ್ಲಿ ಈಗ ಗಾಳಿ ಮಾತ್ರ ಇದೆ.

ದಕ್ಷಿಣದಿಂದ ಬಂದ ಹೊಸ ಮೇಷ್ಟ್ರಿಗೆ ಅಲ್ಲಿ ಮೊದಲ ಪಾಠ ಮಕ್ಕಳಿಂದಲೇ. ನಾವು ಕತ್ತು ಅಲ್ಲಾಡಿಸಿದರೆ ಪರದೇಶದವರು ತಬ್ಬಿಬ್ಬಾಗುವುದಿಲ್ಲವೇ, ಹಾಗೆಯೇ ಇದು. ಅಲ್ಲಿ ಮೂಗು ಸುಕ್ಕಿಸಿದರೆ ‘ಇಲ್ಲ’, ಹುಬ್ಬು ಮೇಲೆತ್ತಿದರೆ ‘ಹೌದು’.

“ನಿಮ್ಮೂರು ನಿನಗೆ ಇಷ್ಟವೇನಮ್ಮಾ?” ಎಂದು ಮೇಷ್ಟ್ರು ಕೇಳುತ್ತಾರೆ. ಹುಡುಗಿ ತುಟಿ ಬಿಚ್ಚುವುದಿಲ್ಲ. ಕೇಳಿಸಲಿಲ್ಲವೇನೋ ಎಂದು ಅವರು ಮತ್ತೆ ಕೇಳುತ್ತಾರೆ.

ಹುಬ್ಬು ಇನ್ನೂ ಒಂಚೂರು ಮೇಲೇರುತ್ತದೆ.