ಪರಂಗಿಯನ್ನು ಉಳಿಸಿದ ಆರ್.ಎನ್.ಎ.

ಜೀವಕೋಶವೊಂದನ್ನು ಹೊಕ್ಕು, ಅಲ್ಲಿಯ ಸಾಮಗ್ರಿಯಿಂದಲೇ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುವುದೇ ವೈರಸ್ಸಿನ ಬಾಳು. ಈ ಪ್ರತಿ ತೆಗೆಯುವ ಕಾರ್ಯವನ್ನೇ ತಡೆಯಬಹುದೆಂಬುದಕ್ಕೆ ಹವಾಯಿ ದ್ವೀಪಗಳ ಪರಂಗಿ ತೋಟಗಳು ಒಳ್ಳೆಯ ನಿದರ್ಶನ.

ಪರಂಗಿಯ ಉಂಗುರಚುಕ್ಕೆ ರೋಗವನ್ನು ಹರಡುವವು ಗಿಡಹೇನುಗಳು. ಎಲೆ ಬಣ್ಣಗೆಟ್ಟು ಮುರುಟುತ್ತದೆ, ಕಾಯಿಯ ಮೇಲೆ ಉಂಗುರದಂಥ ಕಲೆಗಳೇಳುತ್ತವೆ, ಗಿಡ ಸೊರಗುತ್ತದೆ. ನಮ್ಮ ದೇಶದ ಬೆಳೆಗಾರರಿಗೂ ಇದು ಅಪರಿಚಿತವಲ್ಲ. 1950ರ ದಶಕದಲ್ಲಿ ಓಹು ದ್ವೀಪದ ಬೆಳೆಯನ್ನು ಇದು ಹಾಳುಗೆಡವಲು, ಪರಂಗಿ ಕೃಷಿಯು ಹವಾಯಿ ದ್ವೀಪದ ಪೂನಾ ಪ್ರದೇಶಕ್ಕೆ ಸರಿಯಿತು. 1992ರಲ್ಲಿ ಅಲ್ಲಿಯೂ ರೋಗ ತಲೆದೋರಿತು. ರೋಗ ತಗುಲಿದ ಗಿಡಗಳನ್ನು ಕಡಿದರೂ ಅದು ನಿಲ್ಲಲಿಲ್ಲ; ಕೆಲವೇ ವರ್ಷಗಳಲ್ಲಿ ಉತ್ಪನ್ನ ಸುಮಾರು ಅರ್ಧಕ್ಕಿಳಿಯಿತು.

ಹವಾಯಿಯಲ್ಲೇ ಹುಟ್ಟಿದ ವಿಜ್ಞಾನಿ ಡೆನ್ನಿಸ್ ಗೊನ್ಸಾಲ್ವೆಸ್ ಮತ್ತು ಅವರ ಸಂಗಡಿಗರು, ಈ ವೈರಸ್ಸಿನ ಹೊದಿಕೆಯ ಪ್ರೋಟೀನಿಗೆ ಕಾರಣವಾದ ವಂಶವಾಹಿಯನ್ನು ಅದಾಗಲೇ ಪರಂಗಿಯಲ್ಲಿ ಸೇರಿಸಿದ್ದರು. ಆ ಪ್ರೋಟೀನು ಗಿಡದೊಳಗೆ ತುಂಬಿಕೊಂಡರೆ ವೈರಸ್ಸಿಗೆ ಅಡ್ಡಿಯಾದೀತೆಂಬುದು ಆಗಿನ ತರ್ಕ. ಗಿಡವೇನೋ ರೋಗವನ್ನು ಗೆದ್ದಿತು. ತರ್ಕ ಮಾತ್ರ ಸರಿಯಿರಲಿಲ್ಲ. ಪ್ರೋಟೀನನ್ನು ತಯಾರಿಸಲಾರದಂತೆ ಮಾರ್ಪಡಿಸಿದ ಇಂಥದೇ ವಂಶವಾಹಿಯೂ ತಂಬಾಕಿನ ಗಿಡವನ್ನು ಅದರ ವೈರಸ್ಸಿನಿಂದ ಕಾಪಾಡುತ್ತದೆಂದು 1990ರ ದಶಕದ ಆದಿಯಲ್ಲಿ ಪ್ರಯೋಗಗಳು ತೋರಿಸಿದವು. ಹಾಗಾದರೆ ಕಾಪಾಡಿದ್ದು ಯಾವುದು?

ಆರ್.ಎನ್.ಎ. ಸಾಮಾನ್ಯವಾಗಿ ಒಂಟಿ ಎಳೆ. ಜೀವಕೋಶದಲ್ಲಿ ಜೋಡಿ ಎಳೆಯ ಆರ್.ಎನ್.ಎ. ಕಂಡುಬಂದರೆ, ಡೈಸರ್ ಎಂಬ ಕಿಣ್ವ ಅದನ್ನು ಇಪ್ಪತ್ತು ಚಿಲ್ಲರೆ ಅಕ್ಷರಗಳ ತುಣುಕುಗಳಾಗಿ ಕತ್ತರಿಸುತ್ತದೆ. ಪ್ರತಿ ತುಣುಕಿನ ಒಂದು ಎಳೆ ಆರ್ಗೊನಾಟ್ ಎಂಬ ಪ್ರೋಟೀನಿನಲ್ಲಿ ನೆಲೆಸಿ ಅದಕ್ಕೆ ದಾರಿ ತೋರಿಸುತ್ತದೆ. ಆ ಎಳೆಗೆ ಹೊಂದಿಕೊಳ್ಳುವ ಬರಹ ಎಲ್ಲಿ ಸಿಕ್ಕರೂ ಆರ್ಗೊನಾಟ್ ಅದನ್ನು ತುಂಡರಿಸುತ್ತದೆ. ಪರಂಗಿಯ ವೈರಸ್ಸಿನ ಸಕಲ ಬರಹವೂ ಸುಮಾರು ಹತ್ತು ಸಾವಿರ ಅಕ್ಷರಗಳ ಒಂದೇ ಆರ್.ಎನ್.ಎ. ಎಳೆಯಲ್ಲಿದೆ, ಎಳೆ ತುಂಡಾದರೆ ಪ್ರತಿ ತೆಗೆಯಲು ಮೂಲವೇ ಉಳಿಯದು. ಸೇರಿಸಿದ ವಂಶವಾಹಿ ಮಾಡಿದ್ದು ಇಷ್ಟೇ: ಶತ್ರುವಿನ ಗುರುತನ್ನು ಮುಂಗಡವಾಗಿ ಗಿಡಕ್ಕೆ ಒದಗಿಸಿದ್ದು. ಕತ್ತರಿ ಗಿಡದ್ದೇ.

1998ರಲ್ಲಿ 'ರೇನ್‌ಬೋ' ತಳಿಯ ಬೀಜವನ್ನು ಬೆಳೆಗಾರರಿಗೆ ಉಚಿತವಾಗಿ ಹಂಚಲಾಯಿತು. ಜೋಡಿ ಎಳೆಯ ಈ ಪ್ರಭಾವವನ್ನು ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ ಸೂಕ್ಷ್ಮ ಹುಳುವೊಂದರಲ್ಲಿ ಕಂಡು ಪ್ರಕಟಿಸಿದ್ದೂ ಅದೇ ವರ್ಷ. 2006ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಕಾರಣ ತಿಳಿಯುವ ಮೊದಲೇ ಮದ್ದು ಸಿದ್ಧವಾಗಿತ್ತೆಂಬುದು ಸೋಜಿಗವೇ ಸರಿ.

ಆದರೆ ಗುರುತು ಹೊಂದಿಕೆಯಾದರಷ್ಟೇ ಕತ್ತರಿ ಆಡುತ್ತದೆ. ಹವಾಯಿಯ ವೈರಸ್ಸನ್ನು ತಡೆಯುವ ರೇನ್‌ಬೋ ತಳಿ, ಬರಹದಲ್ಲಿ ಭಿನ್ನವಾದ ಥೈಲ್ಯಾಂಡಿನ ವೈರಸ್ಸಿಗೆ ಶರಣಾಗುತ್ತದೆ. ಆದಕಾರಣ ಬೇರೆ ನಾಡಿನ ತೋಟಕ್ಕೆ ಆ ನಾಡಿನ ವೈರಸ್ಸಿನ ಬರಹದಿಂದಲೇ ಗುರುತನ್ನು ಆಯ್ದುಕೊಳ್ಳಬೇಕಾಗುತ್ತದೆ.